ಎರಡು ಜೋಡಿ ವಾಲ್ವು, ಮಾವ ಮತ್ತು ನಾನು

ಅತ್ತೆ ತೀರಿಕೊಂಡ ಮೇಲೆ ಮಾವನವರ ಮಾತನ್ನು ನನಗೂ ನನ್ನ ಮಾತನ್ನು ಮಾವನವರಿಗೂ ದಾಟಿಸುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಮಾವನವರು ಸಿಟ್ಟಿನ ಮನುಷ್ಯರೆಂದೋ, ನಮ್ಮಿಬ್ಬರ ನಡುವೆ ಮನಸ್ತಾಪವಿತ್ತೆಂದೋ ಇದರ ಅರ್ಥವಲ್ಲ. ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯ ಒಕ್ಕಲುತನದ ಮನೆಯಿಂದ ಕೊಪ್ಪಳದ ಮಗ್ಗುಲ ಭಾಗ್ಯನಗರದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ತಾಯಿ ಕಲಿಸಿ ಕಳಿಸಿದ್ದು ಇಷ್ಟು: ಮಾವನ ಎದುರಿಗೆ ಕುರ್ಚಿಯ ಮೇಲೆ ಕೂರಬಾರದು, ಅವರು ಪಡಸಾಲೆಗೆ ಬಂದರೆ ಎದ್ದು ಒಳಗೆ ಹೋಗಬೇಕು, ನೇರವಾಗಿ ಮಾತಾಡಬಾರದು. ಆಮೇಲೆ ನಾನು ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಸಾಲೆಯಲ್ಲಿ ದಿನವಿಡೀ ಗಂಟಲು ಹರಿಯುವಂತೆ ಪಾಠ ಹೇಳಿ, ಸಂಜೆ ಮನೆಯ ಹೊಸ್ತಿಲು ದಾಟಿದೊಡನೆ ದನಿ ತಗ್ಗಿಸುತ್ತಿದ್ದೆ. ಯಾರೂ ತಗ್ಗಿಸು ಅಂದಿರಲಿಲ್ಲ. ರೂಢಿ ಹಾಗೆ ಬಿದ್ದಿತ್ತು.

ಮಾವನವರಿಗೂ ಅದೇ ರೂಢಿ. ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರೂ ಅವರು ಅತ್ತೆಗೆ ಹೇಳುತ್ತಿದ್ದರು: "ಚಾ ಆಗೇತೇನಂತ ಕೇಳು." ನಾನು ಅತ್ತೆಗೆ ಹೇಳುತ್ತಿದ್ದೆ: "ಆಗೇತ್ರಿ ಅಂತ ಹೇಳ್ರಿ, ಅತ್ತಿ." ನಡುವೆ ಕೂತ ಅತ್ತೆ ಒಮ್ಮೊಮ್ಮೆ ನಗುತ್ತಿದ್ದರು. "ಇಬ್ಬರಿಗೂ ಕಿವಿ ಅದಾವು, ಇಬ್ಬರಿಗೂ ಬಾಯಿ ಅದಾವು. ನಡುವ ನನ್ನ ಯಾಕ ಓಡಾಡಸ್ತೀರಿ?" ಅನ್ನುತ್ತಿದ್ದರು. ಆದರೂ ಓಡಾಡುತ್ತಿದ್ದರು.

ಮಾವನವರದು ಕೊಪ್ಪಳದ ಪ್ಯಾಟಿಯಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಿತ್ತು. ಹಗಲೆಲ್ಲ ಜೋಳ, ಸಜ್ಜೆ, ಶೇಂಗಾದ ಸವಾಲು ಕೂಗುವ ಗದ್ದಲದಲ್ಲಿದ್ದು ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆಂದರೆ ಅವರು ಮೊದಲು ಹೋಗುತ್ತಿದ್ದುದು ಪಡಸಾಲೆಯ ಮೂಲೆಯ ಹಾಡಿನ ಪೆಟ್ಟಿಗೆಯ ಹತ್ತಿರ. ಅದನ್ನು ಹುಬ್ಬಳ್ಳಿಯ ಒಬ್ಬ ಮೆಕ್ಯಾನಿಕ್ ಮಾವನವರ ಹರೆಯದ ಕಾಲದಲ್ಲಿ ಕಟ್ಟಿಕೊಟ್ಟಿದ್ದ. ಹೊರಗಿನ ಕಟ್ಟಿಗೆಯ ಕೆಲಸ ಕಿನ್ನಾಳದ ಬಡಗಿಯದು. ಮೇಲೆ ರೆಕಾರ್ಡ್ ತಿರುಗುವ ತಟ್ಟೆ, ಕೆಳಗೆ ವಾಲ್ವಿನ ಆಂಪ್ಲಿಫೈಯರ್, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್, ಪ್ರತಿಯೊಂದಕ್ಕೂ ಒಂದು ವಾಲ್ವು. ವಾಲ್ವು ಅಂದರೆ ಹಳೆಯ ಕಾಲದ ರೇಡಿಯೋಗಳಲ್ಲಿ ಇರುತ್ತಿದ್ದವಲ್ಲ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಬುರುಡೆಗಳು, ಒಳಗೆ ಗಾಳಿಯಿಲ್ಲದವು, ಅವು. ಸ್ವಿಚ್ ಹಾಕಿದರೆ ಒಳಗಿನ ತಂತಿ ನಿಧಾನಕ್ಕೆ ಕೆಂಪಗಾಗುತ್ತದೆ. ಕಾಯುವವರೆಗೆ ಸದ್ದಿಲ್ಲ. ಆಮೇಲೆ ಮೆತ್ತಗೆ ಗುಂಯ್ ಅನ್ನುತ್ತದೆ. ಆಗ ಮಾವನವರು ರೆಕಾರ್ಡಿನ ಮೇಲೆ ಮುಳ್ಳು ಇಳಿಸುತ್ತಿದ್ದರು. ಅದಕ್ಕೂ ಮೊದಲು ಸ್ಟೆಬಿಲೈಸರಿನ ಮುಳ್ಳು ಎಲ್ಲಿದೆ ಎಂದು ನೋಡುವುದನ್ನು ಎಂದೂ ಮರೆಯುತ್ತಿರಲಿಲ್ಲ. ನಮ್ಮ ಕಡೆ ಕರೆಂಟು ಇದ್ದಕ್ಕಿದ್ದಂತೆ ಏರುತ್ತದೆ, ಇಳಿಯುತ್ತದೆ.

ಅತ್ತೆ ಹೋದ ಮೇಲೆ ಪೆಟ್ಟಿಗೆಯ ಮೇಲೆ ಹೊದಿಕೆ ಬಿತ್ತು. ಅಂಗಡಿಯನ್ನು ಮಾವನವರು ಅಷ್ಟರೊಳಗೆ ಬಿಟ್ಟಿದ್ದರು. ನಮ್ಮ ಮನೆಯವರಿಗೆ ಹೊಸಪೇಟೆ ರಸ್ತೆಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ಪಾಳಿ ಮೇಲೆ ಹೋಗಿಬರುತ್ತಾರೆ. ಹೀಗಾಗಿ ಸಂಜೆ ನಾನು ಸಾಲೆಯಿಂದ ಬಂದರೆ ಮನೆಯಲ್ಲಿ ಮಾವನವರು ಮತ್ತು ನಾನು ಇಬ್ಬರೇ. ಅವರು ಪಡಸಾಲೆಯಲ್ಲಿ, ನಾನು ಅಡಿಗೆಮನೆಯಲ್ಲಿ. ಚಾ ಬೇಕಾದರೆ ಅವರು ಕೆಮ್ಮುತ್ತಿದ್ದರು. ನಾನು ಲೋಟವನ್ನು ಸ್ಟೂಲಿನ ಮೇಲೆ ಸದ್ದಾಗುವಂತೆ ಇಟ್ಟು ಬರುತ್ತಿದ್ದೆ. ಊಟಕ್ಕೆ ತಾಟಿನ ಸದ್ದು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವರು ಸುಮ್ಮನೆ ಉಂಡು ಎದ್ದರು. ನಾನು ಉಣ್ಣಲು ಕೂತಾಗಲೇ ಅದು ಗೊತ್ತಾದದ್ದು. ಅವತ್ತು ನನಗೆ ಅಳು ಬಂತು. ಉಪ್ಪಿಲ್ಲ ಎಂದು ಹೇಳಲಿಕ್ಕೂ ಈ ಮನೆಯಲ್ಲಿ ಈಗ ಯಾರೂ ಇಲ್ಲ ಅನಿಸಿತು.

ಒಂದು ಸಂಜೆ ನಾನು ಬರುವಷ್ಟರಲ್ಲಿ ಹೊದಿಕೆ ತೆಗೆದಿತ್ತು. ಮಾವನವರು ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ಹಿಂದಿನ ಧೂಳು ಒರೆಸಿದ್ದರು. ನಾನು ಒಳಗೆ ಹೋಗಿ ಸೀರೆ ಬದಲಿಸುತ್ತಿದ್ದಾಗ ಸ್ವಿಚ್ಚಿನ ಸದ್ದು, ಆಮೇಲೆ ಬಿಸಿಯಾದ ಧೂಳಿನ ವಾಸನೆ. ನನಗೆ ಖುಷಿಯಾಯಿತು. ಆದರೆ ಹಾಡು ಬಂದದ್ದು ಒಂದೇ ಕಡೆಯಿಂದ. ಎಡಗಡೆಯ ಸ್ಪೀಕರಿನಲ್ಲಿ ಎಣ್ಣೆಗೆ ನೀರು ಬಿದ್ದಂತೆ ಚರಪರ ಸದ್ದಾಗಿ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ನಾನು ಚಾ ಎಂದುಕೊಂಡು ಪಾತ್ರೆ ಇಟ್ಟೆ.

"ಚಾ ಅಲ್ಲವ್ವಾ," ಅಂದರು ಮಾವನವರು. "ಇಲ್ಲೊಂದೀಟು ನೋಡು."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನೇರವಾಗಿ ನನಗೇ ಆಡಿದ ಮೊದಲ ಮಾತು ಅದೇ ಇರಬೇಕು. ಕೈಯಲ್ಲಿ ಕರವಸ್ತ್ರದೊಳಗೆ ಒಂದು ವಾಲ್ವು ಇತ್ತು. ಗಾಜಿನ ತುದಿಯಲ್ಲಿ ಒಳಗಡೆ ಕನ್ನಡಿಯ ಹಾಗೆ ಹೊಳೆಯಬೇಕಾದ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಒಳಗ ಗಾಳಿ ಹೊಕ್ಕೈತಿ. ಒರಸೂವಾಗ ನನ್ನ ಕೈ ತಾಕಿ ಬುಡದಾಗ ಸೀಳೇತಿ. ನಿಮ್ಮ ಮೊಬೈಲ್‌ನ್ಯಾಗ ಎಲ್ಲಾ ಸಿಗತೈತಂತಲ್ಲ, ಇದು ಸಿಗತೈತೇನು ನೋಡು."

ನಾನು ಸೆರಗು ಸರಿಮಾಡಿಕೊಂಡು ಮೊಬೈಲ್ ತೆಗೆದೆ. ವಾಲ್ವಿನ ಮೇಲೆ ಬರೆದ ನಂಬರು ಅಳಿಸಿಹೋಗಿತ್ತು. ಅವರು ಬಾಯಿಪಾಠ ಹೇಳಿದರು. ನೋಡಿದರೆ ರಾಶಿ ಸಿಕ್ಕವು. ರಷ್ಯಾದಲ್ಲಿ, ಚೀನಾದಲ್ಲಿ ಇಂದಿಗೂ ಅದೇ ನಂಬರಿನ ಹೊಸ ವಾಲ್ವು ಮಾಡುತ್ತಾರಂತೆ. ಹಳೆಯವನ್ನೂ ಮಾರುವವರಿದ್ದರು. ಕೆಳಗೆ ಜನ ಉದ್ದುದ್ದ ಜಗಳ ಬರೆದಿದ್ದರು. ಹಳೆಯದರ ಇಂಪು ಹೊಸದಕ್ಕಿಲ್ಲ ಎಂದು ಒಬ್ಬ, ಅದೆಲ್ಲ ಭ್ರಮೆ ಎಂದು ಇನ್ನೊಬ್ಬ. ಮಾವನವರಿಗೆ ಅದನ್ನು ಓದಿ, ಕನ್ನಡದಲ್ಲಿ ಹೇಳಿದೆ. ಅವರು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದರು. ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಹೊಸದೇ ಒಂದು ಜೋಡಿ ತರಿಸಿದೆವು. ಕೊರಿಯರ್ ಬಂದ ದಿನ ಮಾವನವರು ಡಬ್ಬಿ ಒಡೆಯದೆ ನನಗಾಗಿ ಕಾದಿದ್ದರು. ಹೊಳೆಹೊಳೆಯುವ ಗಾಜು, ಅಚ್ಚುಕಟ್ಟಾದ ಬಿಳಿ ಅಕ್ಷರ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮದುವಿ ಗಂಡಿನಂಗ ಐತಿ. ದನಿ ಹೆಂಗೈತೋ," ಅಂದರು.

ಬಲಗಡೆ ಹಳೆಯದು ಇನ್ನೂ ಜೀವಂತವಿತ್ತಲ್ಲ, ಅದನ್ನು ಅಲ್ಲೇ ಬಿಟ್ಟು ಎಡಗಡೆಗೆ ಮಾತ್ರ ಹೊಸದನ್ನು ಹಾಕಿದರು. ಹೀಗೆ ಮಾಡಿದರೆ ಎಡಬಲದ ದನಿ ಹೆಚ್ಚುಕಡಿಮೆ ಮಾಡುವ ತಿರುಪನ್ನು ಈ ಕಡೆ ತಿರುವಿ ಹೊಸದನ್ನು ಕೇಳಬಹುದು, ಆ ಕಡೆ ತಿರುವಿ ಹಳೆಯದನ್ನು ಕೇಳಬಹುದು. ಒಂದು ಹಿಂದೂಸ್ತಾನಿ ಗಾಯನದ ರೆಕಾರ್ಡ್ ಹಾಕಿದರು. ನಾನು ಎಂದಿನಂತೆ ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

"ಅಲ್ಲಿಂದ ಏನು ತಿಳೀತೈತಿ? ಇಲ್ಲಿ ಬಾ," ಅಂದರು.

ಹೋಗಿ ನಿಂತೆ.

"ಕುಂದ್ರು."

ಕೆಳಗೆ ಕೂರಲು ಹೊರಟೆ. ಅವರು ಕುರ್ಚಿ ತೋರಿಸಿದರು. "ಸ್ಪೀಕರ್ ಕಿವಿ ಸರಿಗೆ ಇರಬೇಕು. ನೆಲದ ಮ್ಯಾಲ ಕುಂತ್ರ ಕೇಳಸಂಗಿಲ್ಲ." ಹೀಗೆ ನಾನು ಮಾವನ ಎದುರಿಗೆ ಮೊದಲ ಬಾರಿ ಕುರ್ಚಿಯ ಮೇಲೆ ಕೂತೆ. ತುದಿಯಲ್ಲಿ ಕೂತಿದ್ದೆ. ಬೆನ್ನು ಹಿಂದಕ್ಕೆ ತಾಗಿಸಲು ಧೈರ್ಯವಾಗಲಿಲ್ಲ.

ಅವರು ತಿರುಪನ್ನು ಅತ್ತ ಇತ್ತ ತಿರುವಿದರು. ಹಳೆಯದರಲ್ಲಿ ಗಾಯಕನ ದನಿ ಹತ್ತಿರ ಬಂದು ಕೂತಂತಿತ್ತು. ತಂಬೂರಿ, ತಬಲಾ ಅವನ ಹಿಂದೆ ಎಲ್ಲೋ ಒಂದಾಗಿ ಬೆರೆತಿದ್ದವು. ಹಾಡಿನ ಕೆಳಗೆ ಸಣ್ಣ ಗುಂಯ್‌ಗುಡುವಿಕೆಯೂ ಇತ್ತು. ಹೊಸದಕ್ಕೆ ತಿರುಗಿಸಿದರೆ ಕಿಟಕಿಯ ಪರದೆ ಸರಿಸಿದ ಹಾಗೆ. ತಬಲಾದ ಎರಡೂ ಕೈ ಬೇರೆಬೇರೆ ಕೇಳಿದವು. ತಂಬೂರಿಯ ಒಂದೊಂದು ತಂತಿ ಎಣಿಸುವಂತಿತ್ತು. ಗುಂಯ್ ಸದ್ದು ಇರಲೇ ಇಲ್ಲ. ಆದರೆ ದನಿ ಮೇಲಕ್ಕೆ ಹೋದಾಗ ಸ್ವಲ್ಪ ಚುಚ್ಚುತ್ತಿತ್ತು.

"ಬಿಸಲು ಬಡದಂಗ ಐತಿ," ಅಂದರು ಮಾವನವರು. "ಹೆಂಗನಸ್ತು?"

"ನೀವು ಅಂದಂಗ ಐತ್ರಿ."

ಅವರು ತಿರುಪಿನ ಮೇಲಿನ ಕೈ ತೆಗೆದರು. "ನಾ ಅಂದಂಗ ಇರೂದು ನನಗ ಗೊತ್ತೈತಿ. ನಿನ್ನ ಕಿವಿಗೆ ಹೆಂಗ ಕೇಳತು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬರಲು ಹೊತ್ತು ಹಿಡಿಯಿತು. "ನನಗ ಹೊಸಾದ ಛಲೋ ಅನಿಸ್ತ್ರಿ. ಎಲ್ಲಾ ಬಿಡಿಸಿ ಕೇಳತೈತ್ರಿ."

ಮಾವನವರು ಸ್ವಿಚ್ ಆರಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಬೆಳತನಕ ಅದನ್ನೇ ಯೋಚಿಸುತ್ತ ಮಲಗಿದ್ದೆ. ಹೇಳಬಾರದಿತ್ತೇನೋ ಎಂದು ಮನಸ್ಸು ಕೊರೆಯಿತು. ಮುಂಜಾನೆ ನಾನು ಸಾಲೆಗೆ ಹೊರಟು ನಿಂತಾಗ ಅವರು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ತಿರುಗಿ ನೋಡದೆ ಕೇಳಿದರು: "ಬಿಡಿಸಿ ಕೇಳತೈತಿ ಅಂದ್ಯಲ್ಲ. ಹಾಡು ಬಿಡಿಸಿ ಕೇಳಬೇಕೋ, ಕೂಡಿಸಿ ಕೇಳಬೇಕೋ?"

"ಮೊದಲ ಬಿಡಿಸಿ ಕೇಳಿದ್ರನ ಕೂಡಸಾಕ ಬರತೈತ್ರಿ," ಅಂದೆ. ಅಂದು ಬೇಗ ಬೇಗ ಹೆಜ್ಜೆ ಹಾಕಿದೆ. ಹಿಂದಿನಿಂದ ಅವರ ನಗು ಕೇಳಿಸಿತು. ಅವರು ನಗುವುದನ್ನು ನಾನು ಆವರೆಗೆ ಗೋಡೆಯ ಆಚೆಯಿಂದ ಮಾತ್ರ ಕೇಳಿದ್ದೆ.

ಅಲ್ಲಿಂದ ನಮ್ಮ ಜಗಳ ಶುರುವಾಯಿತು. ಜಗಳ ಅನ್ನುವುದು ಪ್ರೀತಿಯಿಂದ. ದಿನಾ ಸಂಜೆ ಒಂದು ರೆಕಾರ್ಡ್. ಹೊಸ ವಾಲ್ವು ಬಳಸಿದಷ್ಟೂ ಅದರ ಚುಚ್ಚುವಿಕೆ ಕಡಿಮೆಯಾಗುತ್ತ ಬಂತು. ನಾನು ಅದನ್ನು ಎತ್ತಿ ಹೇಳಿದರೆ ಅವರು, "ವಾಲ್ವು ಬದಲಾಗಿಲ್ಲ, ನಮ್ಮ ಕಿವಿ ಹೊಂದಿಕೊಂಡಾವು," ಅನ್ನುತ್ತಿದ್ದರು. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದ ಹಳೆಯದು ಇಟ್ಟು ತೂಗುವುದು ನ್ಯಾಯವಲ್ಲ ಎಂಬುದು ಅವರ ವಾದ. ಬಳಸದೆ ಇಟ್ಟ ಹಳೆಯ ಕಾಲದ ಜೋಡಿ ಸಿಕ್ಕರೆ ಆಗ ನೋಡೋಣ ಎಂದರು. ಅವರಿಗೆ ಗಂಗಾವತಿಯ ಒಬ್ಬರ ನೆನಪಾಯಿತು. ಹಿಂದೆ ಮದುವೆ, ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವರು.

"ನೀನೂ ಬಾ," ಅಂದರು. "ನಿನ್ನ ಕಡೀದೂ ಒಂದು ಸಾಕ್ಷಿ ಇರಲಿ."

ರವಿವಾರ ಬಸ್ಸಿನಲ್ಲಿ ಹೊರಟೆವು. ನಮ್ಮ ಮನೆಯವರಿಗೆ ಅಂದು ಹಗಲು ಪಾಳಿ. ಮಾವ ಸೊಸೆ ಇಬ್ಬರೇ ಬಸ್ ಹತ್ತುವುದನ್ನು ನೋಡಿ ಪಕ್ಕದ ಮನೆಯಾಕೆ ದವಾಖಾನೆಗೇನೋ ಎಂದು ಗಾಬರಿಯಾಗಿ ಕೇಳಿದಳು. ಕಿಟಕಿಯ ಸೀಟನ್ನು ಮಾವನವರು ನನಗೆ ಬಿಟ್ಟರು. ಬೂದಗುಂಪಾ ಕ್ರಾಸ್ ದಾಟಿದ ಮೇಲೆ ಹೊಲದ ಬಣ್ಣ ಬದಲಾಗುತ್ತದೆ. ಗಂಗಾವತಿ ಹತ್ತಿರ ಬಂದಂತೆ ಕಾಲುವೆ, ಭತ್ತದ ಗದ್ದೆ, ಬೆಳ್ಳಕ್ಕಿ. ಅವರು ದಾರಿಯುದ್ದಕ್ಕೂ ಅಡತಿ ಅಂಗಡಿಯ ಕಾಲದ ಮಾತು ಹೇಳಿದರು. ನಾನು ಕೇಳುತ್ತ ಹೋದೆ. ಎಷ್ಟು ಮಾತಿನ ಮನುಷ್ಯ ಇವರು ಎಂದು ನನಗೆ ಬೆರಗು.

ಮೈಕ್‌ಸೆಟ್ಟಿನವರದು ಅಕ್ಕಿ ಗಿರಣಿಗಳ ಸಾಲಿನ ಹಿಂದಿನ ಓಣಿ. ಮಾವನವರ ವಯಸ್ಸಿನವರೇ. ಮೂಲ ಆಂಧ್ರದ ಕಡೆಯವರು, ಕನ್ನಡದ ನಡುವೆ ತೆಲುಗು ಬರುತ್ತಿತ್ತು. ನನಗೆ "ಕೂರ್ಚೋಮ್ಮಾ, ಕೂತ್ಕೋ ತಾಯಿ," ಎಂದು ಕುರ್ಚಿ ಕೊಟ್ಟು, ಮಾವನವರತ್ತ ತಿರುಗಿ "ಮಗಳೇನ್ರಿ?" ಎಂದು ಕೇಳಿದರು.

"ಸೊಸಿ," ಅಂದರು ಮಾವನವರು. "ನನ್ನ ಎದುರು ಪಾರ್ಟಿ. ಹೊಸಾ ವಾಲ್ವು ಛಲೋ ಅಂತಾಳ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕು, ಒಳಗಿನಿಂದ ಒಂದು ತಗಡಿನ ಟ್ರಂಕು ಎಳೆದು ತಂದರು. ಹಳೆಯ ಪೇಪರಿನಲ್ಲಿ ಸುತ್ತಿದ ವಾಲ್ವುಗಳು ಬದನೆಕಾಯಿಯ ಹಾಗೆ ಸಾಲಾಗಿ ಮಲಗಿದ್ದವು. "ಇವು ಹಚ್ಚೇ ಇಲ್ಲರಿ. ಟ್ರಾನ್ಸಿಸ್ಟರ್ ಬಂದ ಮ್ಯಾಲ ಯಾರೂ ಕೇಳಲಿಲ್ಲ, ನಾನೂ ಒಗೀಲಿಲ್ಲ," ಅಂದರು. ಇಬ್ಬರೂ ಮುದುಕರು ನೆಲದ ಮೇಲೆ ಕೂತು ಒಂದೊಂದನ್ನೇ ಬಿಚ್ಚಿದರು. ತುದಿಯ ಬೆಳ್ಳಿ ಹೊಳಪು ನೋಡುವುದು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ ಒಳಗೇನಾದರೂ ಸಡಿಲಾಗಿದೆಯೇ ಎಂದು ಕೇಳುವುದು, ಬುಡದ ಲೋಹದ ಕಡ್ಡಿಗಳು ನೆಟ್ಟಗಿವೆಯೇ ಎಂದು ಬೆರಳಾಡಿಸುವುದು. ಅವುಗಳಲ್ಲಿ ಒಂದು ಜೋಡಿ ಆರಿಸಿದರು. ನಾವು ಜೊತೆಗೆ ಒಯ್ದಿದ್ದ ಹೊಸದರ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರ ಒಳಗಿನ ತಗಡು ಬೂದುಬಣ್ಣ, ಹೊಸದರದ್ದು ಕಪ್ಪು. ಹಳೆಯದರ ಗಾಜು ತುಸು ಡೊಂಕು, ಯಾರೋ ಕೈಯಲ್ಲಿ ಹಿಡಿದು ಮಾಡಿದಂತೆ. ಅಷ್ಟು ಬಿಟ್ಟರೆ ಅಣ್ಣತಮ್ಮಂದಿರ ಹಾಗೆಯೇ ಇದ್ದವು.

ತಿರುಗಿ ಬರುವಾಗ ಮಾವನವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲಿಟ್ಟಿದ್ದರು. ಬಸ್ಸು ಕಾಲುವೆ ದಾಟಿ ಒಣಭೂಮಿಗೆ ಬಂದಾಗ ಅವರು ಅಂದರು: "ನಿಮ್ಮತ್ತಿಗೆ ಯಾವ ಹಾಡು ಸೇರತಿತ್ತು ನನಗ ಗೊತ್ತಿಲ್ಲ ನೋಡು."

ನಾನು ಅವರತ್ತ ತಿರುಗಿದೆ.

"ದಿನಾ ಹಚ್ಚಿದೆ. ನನಗ ಬೇಕಾದ್ದು ಹಚ್ಚಿದೆ, ನಾ ಕೇಳಿದೆ. ಆಕಿ ಒಳಗ ರೊಟ್ಟಿ ಬಡೀತಿದ್ಲು. ನಿನಗೇನು ಬೇಕು ಅಂತ ಒಂದಿನಾನೂ ಕೇಳಲಿಲ್ಲ. ಆಕೀನೂ ಹೇಳಲಿಲ್ಲ. ಪೆಟಗಿ ಮ್ಯಾಲ ಹೊದಿಕಿ ಹಾಕಿದ್ನಲ್ಲ, ಅದಕ್ಕ. ಹಚ್ಚಿದ್ರ ಏನು ಹಚ್ಚಬೇಕು ಅನ್ನೂದ ತಿಳೀಲಿಲ್ಲ."

ಅವರು ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಿದ್ದರು. ಆ ಹಾಡು ಯಾವುದೆಂದು ನನಗೆ ಗೊತ್ತಿತ್ತು. ಅಡಿಗೆಮನೆಯಲ್ಲಿ ಅತ್ತೆಯ ಪಕ್ಕದಲ್ಲಿ ಅಷ್ಟು ವರ್ಷ ಇದ್ದವಳು ನಾನು.

"ನನಗ ಗೊತ್ತೈತ್ರಿ," ಅಂದೆ.

ಅವರು ತಿರುಗಿ ನೋಡಿದರು.

"ಒಬ್ಬ ಹೆಣ್ಣುಮಗಳು ಏಕತಾರಿ ಹಿಡಕೊಂಡು ತತ್ವಪದ ಹಾಡ್ಯಾಳಲ್ರಿ, ಆ ರೆಕಾರ್ಡು. ನೀವು ಅದನ್ನ ಎಂದರ ಒಮ್ಮೆ ಹಚ್ಚತಿದ್ರಿ. ಅದು ಬಂದ್ರ ಅತ್ತಿ ರೊಟ್ಟಿ ಬಡಿಯೂದು ನಿಲ್ಲಸತಿದ್ರು. ನನಗೂ ಸದ್ದು ಮಾಡಬ್ಯಾಡ ಅಂತ ಕೈಸನ್ನಿ ಮಾಡತಿದ್ರು. ಒಂದ ಸಲ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತೇ ಹೋತ್ರಿ. ಉಣ್ಣೂವಾಗ ನೀವು ಯಾಕ ಹೊತ್ತೈತಿ ಅಂತ ಕೇಳಿದ್ರಿ. ಅತ್ತಿ ಉರಿ ಹೆಚ್ಚಾಗಿತ್ತು ಅಂದ್ರು."

ಮಾವನವರು ಡಬ್ಬಿಯ ಮೇಲಿನ ಕೈಗಳನ್ನೇ ನೋಡುತ್ತ ಕೂತರು. ಕೊಪ್ಪಳದ ಗುಡ್ಡಗಳು ಕಾಣಿಸಿದ ಮೇಲೆ, "ಆ ರೊಟ್ಟಿ ತಿಂದದ್ದು ನೆನಪೈತಿ," ಅಂದರು. ಆಮೇಲೆ, "ಹೇಳಿದ್ರ ದಿನಾ ಹಚ್ಚತಿದ್ನಲ್ಲ," ಅಂದರು.

"ದಿನಾ ಹಚ್ಚಿದ್ರ ದಿನಾ ರೊಟ್ಟಿ ಹೊತ್ತತಿದ್ವಲ್ರಿ," ಅಂದೆ. ಅವರು ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

ಅವತ್ತು ಸಂಜೆ ಗಂಗಾವತಿಯ ಜೋಡಿಯನ್ನು ಹಾಕಿ ಆ ತತ್ವಪದದ ರೆಕಾರ್ಡ್ ಹುಡುಕಿ ತೆಗೆದೆವು. ನಾನು ಕುರ್ಚಿಯಲ್ಲಿ, ಅವರು ತಮ್ಮ ಆರಾಮ ಕುರ್ಚಿಯಲ್ಲಿ. ದನಿ ಮೆಲ್ಲಗೆ ಬಂತು. ಆ ಹೆಣ್ಣುಮಗಳು ಪಡಸಾಲೆಯ ನಡುವೆ ಕಂಬಳಿ ಹಾಸಿ ಕೂತು ಹಾಡುತ್ತಿದ್ದಾಳೆ ಅನಿಸಿತು. ಏಕತಾರಿ ಅವಳ ಹಿಂದೆ ಮಂದವಾಗಿ ಮಿಡಿಯುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಅಡಿಗೆಮನೆಗೆ ಕೇಳಿಸುತ್ತಿದ್ದುದು ಹೀಗೆಯೇ. ಹಂಚಿನ ಬಿಸಿ, ಹಿಟ್ಟಿನ ವಾಸನೆ, ಅತ್ತೆಯ ಬಳೆ ಸುಮ್ಮನಾದದ್ದು ಎಲ್ಲ ನೆನಪಾಯಿತು.

ಮುಗಿದ ಮೇಲೆ ಮಾವನವರು ಆರಲು ಬಿಟ್ಟು, ಬಟ್ಟೆಯಲ್ಲಿ ಹಿಡಿದು ಆ ಜೋಡಿ ತೆಗೆದು ಹೊಸ ಜೋಡಿ ಹಾಕಿದರು. ಮತ್ತೆ ಅದೇ ಪದ. ಈಗ ಏಕತಾರಿಯ ತಂತಿಗೆ ಬೆರಳು ತಾಕುವ ಸದ್ದೂ ಕೇಳಿಸಿತು. ಎರಡನೆಯ ನುಡಿಯ ನಡುವೆ ಒಂದು ಕಡೆ ಅವರು ಕೈಯೆತ್ತಿದರು.

"ಇಲ್ಲಿ ಉಸರು ತಗೋತಾಳ, ಕೇಳಿದ್ಯಾ? ಸಾಲಿನ ನಡುವ. ತಡಕೊಳ್ಳಾಕ ಆಗಿಲ್ಲ ಆಕಿಗೆ. ಇದನ್ನ ನಾ ಹಿಂದ ಕೇಳೇ ಇರಲಿಲ್ಲ."

"ಯಾವುದು ಛಲೋರಿ?" ಎಂದು ಈ ಸಲ ನಾನೇ ಕೇಳಿದೆ.

"ಇದಕ್ಕ ಹೊಸಾದ. ಇಷ್ಟು ದಿನ ಕಿವಿಗೆ ಬೀಳದಿದ್ದದ್ದು ಬೀಳತೈತಿ. ನಿನಗ?"

"ನನಗ ಇದಕ್ಕ ಹಳೇದ ಇರಲ್ರಿ," ಅಂದೆ.

ನಾವಿಬ್ಬರೂ ಪಕ್ಷ ಬದಲಿಸಿದ್ದು ಆಗ ಹೊಳೆದು ಅವರು ತಲೆ ಅಲ್ಲಾಡಿಸಿದರು. ಕಾರಣ ಹೇಳು ಎಂದು ನನ್ನನ್ನು ಕೇಳಲಿಲ್ಲ. ಅವರಿಗೆ ತಿಳಿದಿತ್ತು ಅನಿಸುತ್ತದೆ.

ನಮ್ಮ ಮನೆಯವರಿಗೆ ಇದೆಲ್ಲ ತಮಾಷೆ. ತಂದೆ, ಹೆಂಡತಿ ಊಟದ ತಾಟಿನ ಮುಂದೆ ಗಾಜಿನ ಬುರುಡೆಯ ಬಗ್ಗೆ ವಾದಿಸುವುದನ್ನು ಅವರು ಬಾಯಿ ತೆರೆದು ನೋಡುತ್ತಿದ್ದರು. ಒಂದು ರಜೆಯ ದಿನ, "ಇಬ್ಬರೂ ಆ ಕಡೆ ಮಾರಿ ಮಾಡಿ ಕುಂದರ್ರಿ. ನಾ ಬದಲಿ ಮಾಡತೀನಿ. ಯಾವುದು ಹಳೇದು ಯಾವುದು ಹೊಸಾದು ಹೇಳ್ರಿ ನೋಡೂಣು," ಅಂದರು. ನಾವು ಗೋಡೆಯತ್ತ ಮುಖ ಮಾಡಿ ಕೂತೆವು. ಮೊದಲ ಸಲ ಮಾವನವರು ಕೂಡಲೇ ಹಳೆಯದು ಎಂದರು, ಸರಿಯಾಗಿತ್ತು. ನಾನು ತಪ್ಪಿದ್ದೆ. ಮುಂದಿನ ಸಲ ಇಬ್ಬರೂ ಖಂಡಿತವಾಗಿ ಹಳೆಯದೇ ಎಂದೆವು. ಹೊಸದಾಗಿತ್ತು. ಆಮೇಲಿನದರಲ್ಲಿ ನಾನು ಗೆದ್ದೆ, ಅವರು ಸೋತರು. ನಮ್ಮ ಮನೆಯವರು ನಕ್ಕು ನಕ್ಕು ಸುಸ್ತಾಗಿ ಕೂತುಬಿಟ್ಟರು.

"ಅಂದ್ರ ಏನೂ ಫರಕ ಇಲ್ಲ, ಅಪ್ಪಾ."

"ಫರಕ ಐತಿ," ಅಂದರು ಮಾವನವರು ಗಂಭೀರವಾಗಿ. "ಆದ್ರ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರ ತಿಳಿಯಂಗಿಲ್ಲ." ನಾನೂ ಹೌದೆಂದೆ. ಆ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ.

ಪದೇಪದೇ ತೆಗೆದು ಹಾಕುವುದರಿಂದ ಕಡ್ಡಿ ಕೂರುವ ತೂತುಗಳು ಸಡಿಲವಾಗತೊಡಗಿದ್ದವು. ಇನ್ನು ಒಂದು ಜೋಡಿಯನ್ನು ಹಾಕಿ ಬಿಟ್ಟುಬಿಡಬೇಕು ಎಂದು ಮಾವನವರು ಹೇಳಿದರು. ಹೊಸದು ಯಾವಾಗಲೂ ಸಿಗುತ್ತದೆ, ಹಳೆಯದು ಹೋದರೆ ಹೋಯಿತು, ಅದನ್ನು ಡಬ್ಬಿಯಲ್ಲಿ ಜೋಪಾನ ಇಡೋಣ ಎಂದು ನಾನಂದೆ.

"ಡಬ್ಬ್ಯಾಗ ಇಟ್ಟು ಪೂಜಿ ಮಾಡಾಕ ಗಂಗಾವತಿತನಾ ಹೋಗಿದ್ವೇನು? ಅದು ಹಾಡಾಕಂತ ಮಾಡಿದ್ದು. ಹಾಡಿ ಸಾಯಲಿ," ಅಂದರು. ಗಂಗಾವತಿಯ ಜೋಡಿ ಒಳಗೆ ಹೋಯಿತು, ಹೊಸದು ಕಪಾಟು ಸೇರಿತು. ವಾಲ್ವನ್ನು ಅಲುಗಾಡಿಸದೆ ನೆಟ್ಟಗೆ ಎಳೆಯುವುದು, ಕಡ್ಡಿಯ ಸಾಲು ನೋಡಿ ಕೂರಿಸುವುದು ನನಗೆ ಕಲಿಸಿದರು. ಅವರ ಕೈ ಈಗ ಸ್ವಲ್ಪ ನಡುಗುತ್ತದೆ.

ಈಗ ಉಪ್ಪು ಕಡಿಮೆಯಾದರೆ ಅವರು ನನಗೇ ಹೇಳುತ್ತಾರೆ. ಹೆಚ್ಚಾದರೂ ಹೇಳುತ್ತಾರೆ. ಬೇಸಿಗೆಯಲ್ಲಿ ಹಗಲು ಪೆಟ್ಟಿಗೆ ಹಚ್ಚುವುದಿಲ್ಲ, ಅದರ ಕಾವು ಮನೆಗೆಲ್ಲ ಹಬ್ಬುತ್ತದೆ. ಸಂಜೆ ಅಂಗಳಕ್ಕೆ ನೀರು ಹೊಡೆದ ಮೇಲೆಯೇ. ಯಾವ ರೆಕಾರ್ಡ್ ಎಂದು ಒಂದು ದಿನ ಅವರು ಆರಿಸುತ್ತಾರೆ, ಒಂದು ದಿನ ನಾನು.

ಹೋದ ಶ್ರಾವಣದಲ್ಲಿ ಕುಷ್ಟಗಿಯಿಂದ ಮಾವನವರ ಅಕ್ಕ ಬಂದಿದ್ದರು. ಎಂಬತ್ತು ದಾಟಿದ ಹಿರಿಯ ಜೀವ, ಮಾತು ಖಡಕ್. ಸಂಜೆ ನಾನು ಎಂದಿನಂತೆ ಚಾ ಕೊಟ್ಟು ಕುರ್ಚಿಯಲ್ಲಿ ಕೂತೆ. ಅಕ್ಕ ಲೋಟವನ್ನು ಅರ್ಧಕ್ಕೆ ಇಳಿಸಿ ನನ್ನನ್ನೇ ನೋಡಿದರು.

"ಮಾವನ ಎದುರಿಗೆ ಕುರ್ಚಿ ಮ್ಯಾಲ ಕುಂದ್ರತಾಳೇನು ಈಕಿ?"

ನಾನು ಏಳಲು ಹೊರಟೆ. ಮಾವನವರು ಮುಳ್ಳು ಇಳಿಸುತ್ತಿದ್ದವರು ತಿರುಗದೆಯೇ ಅಂದರು: "ಕುಂದ್ರಲಿ ಬಿಡಕ್ಕಾ, ಆಕಿ ಕೇಳಾಕತ್ತಾಳ. ನೀನೂ ಕೇಳು."

ಅಕ್ಕ ಮುಖ ಗಂಟಿಕ್ಕಿಕೊಂಡೇ ಕೂತರು. ಒಂದು ಹಾಡು ಮುಗಿಯಿತು. ಮಾವನವರು ಅವರತ್ತ ಬಾಗಿ, "ನಿನಗ ಯಾವುದು ಹಚ್ಚಲಿ?" ಎಂದು ಕೇಳಿದರು. ಅಕ್ಕನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲವೋ, ನಂಬಿಕೆಯಾಗಲಿಲ್ಲವೋ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

"ಸೋಬಾನ ಪದ ಐತೇನು ಅದರಾಗ? ನಮ್ಮವ್ವ ಅಂತಿದ್ಲಲ್ಲ, ಅಂಥಾದ್ದು."

"ಅದು ಇಲ್ಲಕ್ಕಾ."

"ಹಂಗಾರ ನಾ ಅಂತೀನಿ ತಡಿ," ಎಂದು ಲೋಟ ಕೆಳಗಿಟ್ಟರು. ದನಿ ಒಡೆದಿತ್ತು, ಪದ ನಡುನಡುವೆ ಮರೆಯುತ್ತಿತ್ತು. ಮರೆತ ಕಡೆ ಮಾವನವರು ತಡವರಿಸುತ್ತ ಎತ್ತಿಕೊಟ್ಟರು. ತಾಯಿ ಹಾಡಿದ್ದನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಕೇಳಿ ಬೆಳೆದವರಲ್ಲವೇ. ನಾನು ಎದ್ದು ತಿರುಗುತ್ತಿದ್ದ ರೆಕಾರ್ಡನ್ನು ನಿಲ್ಲಿಸಿ, ಸದ್ದಾಗದಂತೆ ಬಂದು ಅಕ್ಕನ ಪಕ್ಕದಲ್ಲಿ ಕೂತೆ.